ಒಂದು ಬೆರಳು, ನಾಲ್ಕು ಕಂಟ್ರೋಲರ್: ಸ್ಲಾಟ್ ಕಾರಿನ ಟ್ರಿಗರ್‌ಗಳ ಹೋಲಿಕೆ

ಕಳೆದ ಮೂರು ಚಳಿಗಾಲಗಳಲ್ಲಿ ನಾನು ನಾಲ್ಕು ಬಗೆಯ ಕಂಟ್ರೋಲರ್‌ಗಳನ್ನು ಹಿಡಿದು ಸ್ಲಾಟ್ ಕಾರುಗಳೆಂಬ ಪುಟ್ಟ ವಿದ್ಯುತ್ ಆಟಿಕೆ ಕಾರುಗಳನ್ನು ಓಡಿಸಿದ್ದೇನೆ. ಅವುಗಳಲ್ಲಿ ನನಗೆ ಒಗ್ಗಿದ್ದು ಟ್ರಾನ್ಸಿಸ್ಟರ್ ಇರುವ, ಎರಡು ತಿರುಗುಗುಂಡಿಗಳ, ಮಧ್ಯಮ ಬೆಲೆಯ ಕಂಟ್ರೋಲರ್ ಎಂದು ಮೊದಲೇ ಹೇಳಿಬಿಡುತ್ತೇನೆ. ಅದಕ್ಕಿಂತ ಅಗ್ಗವಾದವು ಇವೆ, ಅದಕ್ಕಿಂತ ಚುರುಕಾದವೂ ಇವೆ. ಆದರೆ ಹದಿನೈದು ದಿನಕ್ಕೊಮ್ಮೆ ಬೇರೆ ಬೇರೆ ಮನೆಯ ಟ್ರ್ಯಾಕ್‌ನಲ್ಲಿ, ಬೇರೆ ಬೇರೆ ಮೋಟರಿನ ಕಾರುಗಳನ್ನು ಓಡಿಸುವ ನನ್ನಂಥವನಿಗೆ ಅದರಷ್ಟು ಉಪಕಾರಿಯಾದದ್ದು ಬೇರೊಂದು ಸಿಕ್ಕಿಲ್ಲ.

ಈ ಆಟವನ್ನು ನೋಡಿರದವರಿಗಾಗಿ ಎರಡು ಮಾತು. ಟ್ರ್ಯಾಕ್‌ನಲ್ಲಿ ಪ್ರತಿ ಲೇನಿಗೂ ಒಂದು ಸೀಳು, ಅದರ ಎರಡೂ ಬದಿಯಲ್ಲಿ ವಿದ್ಯುತ್ ಹರಿಯುವ ಲೋಹದ ಪಟ್ಟಿಗಳು. ಕಾರಿನ ಮೂಗಿನ ಕೆಳಗಿನ ಒಂದು ಚಿಕ್ಕ ನಾಲಿಗೆ ಆ ಸೀಳಿನಲ್ಲಿ ಇಳಿದು ಕಾರಿಗೆ ದಾರಿ ತೋರಿಸುತ್ತದೆ. 1957ರಲ್ಲಿ ಇಂಗ್ಲೆಂಡಿನ ಹ್ಯಾರೊಗೇಟ್ ಆಟಿಕೆ ಮೇಳದಲ್ಲಿ ಫ್ರೆಡ್ ಫ್ರಾನ್ಸಿಸ್ ಅವರು ಸ್ಕೇಲೆಕ್ಸ್‌ಟ್ರಿಕ್ ಎಂಬ ಸ್ಲಾಟ್ ಕಾರಿನ ಸೆಟ್ಟನ್ನು ಪ್ರದರ್ಶಿಸಿದ ಮೇಲೆ ಈ ಆಟ ಮನೆಮನೆಗೆ ಬಂತು. ಇಲ್ಲಿ ಸ್ಟೀರಿಂಗ್ ಎಂಬುದೇ ಇಲ್ಲ. ಓಡಿಸುವವನ ಕೌಶಲವೆಲ್ಲ ಕೈಯಲ್ಲಿ ಹಿಡಿದ ಕಂಟ್ರೋಲರ್‌ನ, ವೇಗವನ್ನು ಹೆಚ್ಚುಕಡಿಮೆ ಮಾಡುವ, ತೋರುಬೆರಳಿನ ಕೆಳಗಿನ ಟ್ರಿಗರ್‌ನಲ್ಲಿದೆ, ಆದ್ದರಿಂದ ಒಳ್ಳೆಯ ಕಾರಿಗೆ ಹಣ ಹಾಕುವ ಮೊದಲು ಒಳ್ಳೆಯ ಕಂಟ್ರೋಲರ್‌ಗೆ ಹಾಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ನಾವು ಇರುವುದು ಅಮೆರಿಕದ ಡೆಟ್ರಾಯಿಟ್ ಸಮೀಪದಲ್ಲಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಹೊರಗೆ ಹಿಮ ಬಿದ್ದಿರುವಾಗ ಇಲ್ಲಿನ ಹಲವರು ಮನೆಯ ಬೇಸ್‌ಮೆಂಟಿನಲ್ಲಿ ಟ್ರ್ಯಾಕ್ ಕಟ್ಟಿಕೊಂಡು ಆಡುತ್ತಾರೆ. ನಮ್ಮ ಗುಂಪಿನಲ್ಲಿ ನಾಲ್ವರ ಮನೆಗಳಲ್ಲಿ ಟ್ರ್ಯಾಕ್ ಇದೆ. ಸರದಿಯ ಪ್ರಕಾರ ಒಂದೊಂದು ಶನಿವಾರ ಒಂದೊಂದು ಮನೆ. ಈ ಸರದಿಯೇ ನನ್ನ ಆಯ್ಕೆಯನ್ನು ನಿರ್ಧರಿಸಿತು.

ಮೊದಲು ನನ್ನ ಕೈಗೆ ಬಂದದ್ದು ಮಗಳಿಗೆಂದು ತಂದ ಸೆಟ್ಟಿನ ಪೆಟ್ಟಿಗೆಯಲ್ಲೇ ಇದ್ದ ಕಂಟ್ರೋಲರ್. ಅದರ ಟ್ರಿಗರ್ ಒಳಗೆ ಸರಿಯುವ ದೂರ ತೀರ ಕಡಿಮೆ, ಹಾಗಾಗಿ ನಿಧಾನ ಮತ್ತು ಜೋರು ಎಂಬ ಎರಡರ ನಡುವೆ ಬೆರಳಿಗೆ ಜಾಗವೇ ಸಿಗುವುದಿಲ್ಲ. ಎಂಟು ವರ್ಷದ ಮಗುವಿನ ಕೈಗೆ ಅದು ಚೆನ್ನಾಗಿ ಹೊಂದುತ್ತದೆ, ಅಲ್ಲಿಗೆ ಅದರ ಮಾತು ಮುಗಿಯಿತು.

ಎರಡನೆಯದು ರೋಧಕದ ಕಂಟ್ರೋಲರ್. ಪಾರ್ಮಾ ಹೆಸರಿನ ಪಿಸ್ತೂಲು ಹಿಡಿಯ ಕಂಟ್ರೋಲರ್‌ಗಳನ್ನು ಅಮೆರಿಕದ ಟ್ರ್ಯಾಕ್‌ಗಳಲ್ಲಿ ನೋಡದವರಿಲ್ಲ. ನಮ್ಮ ಊರಿನ ಹಳೆಯ ಸೀಲಿಂಗ್ ಫ್ಯಾನಿನ ರೆಗ್ಯುಲೇಟರ್ ನೆನಪಿರುವವರಿಗೆ ಇದರ ಕೆಲಸ ಸುಲಭವಾಗಿ ಅರ್ಥವಾಗುತ್ತದೆ: ಗೋಡೆಯ ಮೇಲಿನ ಆ ದಪ್ಪ ಪೆಟ್ಟಿಗೆಯೊಳಗೆ ತಂತಿ ಸುತ್ತಿದ ರೋಧಕವಿರುತ್ತಿತ್ತು, ಫ್ಯಾನನ್ನು ನಿಧಾನ ಮಾಡಿದಷ್ಟೂ ಪೆಟ್ಟಿಗೆ ಬಿಸಿಯಾಗುತ್ತಿತ್ತು. ಇಲ್ಲಿಯೂ ಅದೇ ವ್ಯವಸ್ಥೆ. ಟ್ರಿಗರ್‌ಗೆ ಅಂಟಿದ ಒಂದು ತೋಳು ತಂತಿಯ ಸುರುಳಿಯ ಮೇಲೆ ಸರಿಯುತ್ತಾ ಹೋದಂತೆ ರೋಧ ಕಡಿಮೆಯಾಗಿ ಕಾರಿನ ವೇಗ ಹೆಚ್ಚುತ್ತದೆ. ಇದರ ಸರಳತೆ ನನಗೆ ಬಹಳ ಇಷ್ಟ. ತೋಳಿನ ತುದಿಯ ತಾಮ್ರದ ಗುಂಡಿ ಕಪ್ಪಾದರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದರೆ ಸಾಕು, ಮತ್ತೆ ಹೊಳೆಯುತ್ತದೆ.

ಆದರೆ ಅದರ ತೊಡಕು ರೋಧದ ಅಳತೆಯಾದ ಓಮ್‌ನಲ್ಲಿದೆ. ರೋಧಕ ಎಷ್ಟು ವೋಲ್ಟನ್ನು ತಡೆಯುತ್ತದೆ ಎಂಬುದು ಮೋಟರ್ ಎಷ್ಟು ಕರೆಂಟ್ ಎಳೆಯುತ್ತದೆ ಎಂಬುದನ್ನು ಅವಲಂಬಿಸಿದೆ. 0.2 ಆಂಪಿಯರ್ ಎಳೆಯುವ ಕಾರಿಗೆ 45 ಓಮ್ ಹಾಕಿದರೆ 9 ವೋಲ್ಟ್ ಅಲ್ಲೇ ತಡೆದು, 12 ವೋಲ್ಟಿನ ಟ್ರ್ಯಾಕ್‌ನಲ್ಲಿ ಕಾರು 3 ವೋಲ್ಟಿನಿಂದ ಮೆಲ್ಲಗೆ ಹೊರಡುತ್ತದೆ. ಅದೇ ಕಾರಿಗೆ 15 ಓಮ್ ಹಾಕಿದರೆ ಬೆರಳು ತಾಕಿದ ಕೂಡಲೇ 9 ವೋಲ್ಟ್ ನುಗ್ಗಿ ಕಾರು ಮೊದಲ ತಿರುವಿನಲ್ಲೇ ಹೊರಗೆ ಹಾರುತ್ತದೆ. ಹೆಚ್ಚು ಕರೆಂಟ್ ಎಳೆಯುವ ಮೋಟರಿಗೆ ಹೆಚ್ಚು ಓಮ್ ಹಾಕಿದರೆ ಇದರ ತದ್ವಿರುದ್ಧ: ಟ್ರಿಗರ್ ಅರ್ಧ ಎಳೆಯುವವರೆಗೆ ಕಾರು ಅಲುಗುವುದೇ ಇಲ್ಲ, ರೋಧಕ ಮಾತ್ರ ಬಿಸಿಯಾಗುತ್ತದೆ. ಅರೋರಾ ಸಂಸ್ಥೆ 1963ರಲ್ಲಿ ತಂದ ಥಂಡರ್‌ಜೆಟ್‌ನಂಥ ಹಗುರ ಕಾರುಗಳಿಗೆ 90 ಓಮ್ ಹಿತವೆನಿಸುತ್ತದೆ. ಅದೇ ಅಳತೆಯ, ಕಾರನ್ನು ಲೋಹದ ಪಟ್ಟಿಗಳತ್ತ ಎಳೆದು ಹಿಡಿಯುವ ಅಯಸ್ಕಾಂತ ಅಡಿಯಲ್ಲಿರುವ ಹೊಸ ಕಾರುಗಳಿಗೆ 45ರ ಆಸುಪಾಸು ಬೇಕು. ನಿಜವಾದ ಕಾರಿನ 1/24 ಅಳತೆಯ, ರೆಕ್ಕೆಯಂಥ ಮೈಯ ಓಟದ ಕಾರುಗಳಿಗೆ 2ರಿಂದ 4 ಓಮ್. ನನ್ನಲ್ಲಿ ಮೂರು ಬಗೆಯ ಕಾರುಗಳಿದ್ದುದರಿಂದ ಒಂದು ವರ್ಷದೊಳಗೆ 45, 25 ಮತ್ತು 90 ಓಮ್‌ಗಳ ಮೂರು ಕಂಟ್ರೋಲರ್‌ಗಳನ್ನು ಕೊಂಡಿದ್ದೆ. ಮೂರಕ್ಕೂ ಕೊಟ್ಟ ಹಣವನ್ನು ಒಂದು ಕಾಗದದಲ್ಲಿ ಕೂಡಿಸಿ ನೋಡಿದ ದಿನವೇ, ಆ ಹಣದಲ್ಲಿ ಒಂದು ಟ್ರಾನ್ಸಿಸ್ಟರ್ ಕಂಟ್ರೋಲರ್ ಬರುತ್ತಿತ್ತು ಎಂದು ತಿಳಿಯಿತು.

ಮೂರನೆಯದೇ ಈ ಟ್ರಾನ್ಸಿಸ್ಟರ್ ಕಂಟ್ರೋಲರ್. ಟ್ರಾನ್ಸಿಸ್ಟರ್ ಇದ್ದಲ್ಲಿ ಮೋಟರಿನ ಕರೆಂಟ್ ತೋಳು ಮತ್ತು ಸುರುಳಿಯ ಮೂಲಕ ಹರಿಯುವುದಿಲ್ಲ. ಟ್ರಿಗರ್ ಕೊಡುವುದು ಒಂದು ಸಣ್ಣ ಸೂಚನೆಯನ್ನು ಮಾತ್ರ, ಭಾರ ಹೊರುವುದು ಟ್ರಾನ್ಸಿಸ್ಟರ್. ಹಾಗಾಗಿ ಟ್ರಿಗರ್ ಅರ್ಧಕ್ಕೆ ಎಳೆದರೆ ಯಾವ ಮೋಟರೇ ಇರಲಿ ಟ್ರ್ಯಾಕ್‌ಗೆ ಹೋಗುವ ವೋಲ್ಟ್ ಹೆಚ್ಚುಕಡಿಮೆ ಒಂದೇ. ಒಂದು ಗುಂಡಿಯಿಂದ ಕಾರು ಎಷ್ಟು ವೋಲ್ಟಿನಿಂದ ಹೊರಡಬೇಕೆಂದು ಹೊಂದಿಸಬಹುದು, ಇನ್ನೊಂದರಿಂದ ಬ್ರೇಕ್ ಎಷ್ಟು ಬಿಗಿಯಾಗಿರಬೇಕೆಂದು ಹೊಂದಿಸಬಹುದು. ಥಂಡರ್‌ಜೆಟ್ ಓಡಿಸಿದ ಮರುಕ್ಷಣವೇ 1/32 ಅಳತೆಯ ಕಾರನ್ನು ಅದೇ ಕಂಟ್ರೋಲರ್‌ನಿಂದ ಓಡಿಸುವುದು ಸಾಧ್ಯವಾದದ್ದು ಇದರಿಂದಲೇ.

ಬ್ರೇಕಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಟ್ರಿಗರ್ ಪೂರ್ತಿ ಬಿಟ್ಟಾಗ ಕಂಟ್ರೋಲರ್ ಮೋಟರಿನ ಎರಡು ತುದಿಗಳನ್ನು ಒಂದಕ್ಕೊಂದು ಸೇರಿಸುತ್ತದೆ. ಆಗ ಉರುಳುತ್ತಿರುವ ಮೋಟರ್ ಸೈಕಲ್ಲಿನ ಡೈನಮೊ ಹಾಗೆ ತಾನೇ ವಿದ್ಯುತ್ ಹುಟ್ಟಿಸಿ, ಆ ಹೊರೆಗೆ ತಾನೇ ತಡೆದು ನಿಲ್ಲುತ್ತದೆ. ಬ್ರೇಕಿನ ಗುಂಡಿ ಈ ದಾರಿಯಲ್ಲಿ ಒಂದಷ್ಟು ರೋಧ ಸೇರಿಸಿ ಹಿಡಿತವನ್ನು ಸಡಿಲಿಸುತ್ತದೆ. ಅಯಸ್ಕಾಂತ ತೆಗೆದ ಕಾರಿನಲ್ಲಿ ಇದರ ಬೆಲೆ ತಿಳಿಯುತ್ತದೆ. ನಮ್ಮ ಗುಂಪಿನ ಒಂದು ಟ್ರ್ಯಾಕ್‌ನಲ್ಲಿ ಉದ್ದದ ನೇರ ದಾರಿಯ ಕೊನೆಗೆ ಯೂ ಆಕಾರದ ತಿರುವಿದೆ. ರೋಧಕದ ಕಂಟ್ರೋಲರ್‌ನಲ್ಲಿ ಅಲ್ಲಿ ಬೆರಳು ಬಿಟ್ಟರೆ ಹಿಂದಿನ ಚಕ್ರಗಳು ಒಮ್ಮೆಗೇ ಕಚ್ಚಿಕೊಂಡು ಬಾಲ ಅಡ್ಡ ತಿರುಗುತ್ತಿತ್ತು. ಈಗ ಗುಂಡಿಯನ್ನು ಅರ್ಧಕ್ಕೆ ಇಟ್ಟು ಬಿಟ್ಟರೆ ಕಾರು ತಿರುವಿನ ಬಾಯಿಗೆ ತೇಲಿ ಬರುತ್ತದೆ, ಮೂಗು ಒಳಗೆ ತಿರುಗಿದ್ದನ್ನು ಕಂಡು ಬೆರಳನ್ನು ಒಂದು ಕೂದಲೆಳೆಯಷ್ಟು ಒತ್ತಿದರೆ ಹಿಂದಿನ ಟೈರ್ ಸಣ್ಣಗೆ ಜಾರಿ ತಾನಾಗಿಯೇ ಸಾಲಿಗೆ ಬರುತ್ತದೆ. ಆ ಒಂದು ಕ್ಷಣಕ್ಕಾಗಿಯೇ ನಾನು ಈ ಆಟ ಆಡುತ್ತೇನೆ.

ಇಷ್ಟು ಹೊಗಳಿದ ಮೇಲೆ, ಈ ಬಗೆಯ ಕಂಟ್ರೋಲರ್‌ನಿಂದ ಆದ ನಷ್ಟವನ್ನೂ ಹೇಳಲೇಬೇಕು. ನಾನು ಮೊದಲು ಕೊಂಡ ಟ್ರಾನ್ಸಿಸ್ಟರ್ ಕಂಟ್ರೋಲರ್ ಬೇರೊಬ್ಬರು ಬಳಸಿ ಮಾರಿದ್ದು. ಅದನ್ನು ಗೆಳೆಯರ ಬೇಸ್‌ಮೆಂಟಿಗೆ ಒಯ್ದು, ಅದರ ತಂತಿಗಳ ತುದಿಯ ಬಿಳಿ, ಕಪ್ಪು, ಕೆಂಪು ಕ್ಲಿಪ್‌ಗಳನ್ನು ಟ್ರ್ಯಾಕಿನ ಪಕ್ಕದ ಆಯಾ ಬಣ್ಣದ ಪುಟ್ಟ ಲೋಹದ ಕಂಬಗಳಿಗೆ ಸರಿಯಾಗಿಯೇ ಸಿಕ್ಕಿಸಿದೆ. ಟ್ರಿಗರ್ ಮುಟ್ಟುವ ಮೊದಲೇ ಕಾರು ಪೂರ್ತಿ ವೇಗದಲ್ಲಿ ಹೊರಟು ತಿರುವಿನಲ್ಲಿ ಹಾರಿ ಗೋಡೆಗೆ ಬಡಿಯಿತು. ಕ್ಲಿಪ್ ಕೀಳುವಷ್ಟರಲ್ಲಿ ಹಿಡಿಯೊಳಗಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಬಿಚ್ಚಿ ನೋಡಿದರೆ ಟ್ರಾನ್ಸಿಸ್ಟರಿನ ಕಪ್ಪು ಮೈಯ ಮೇಲೆ ಅಕ್ಕಿ ಕಾಳಿನಷ್ಟು ಒಂದು ಬಿರುಕು ಬಿಟ್ಟಿತ್ತು.

ಕಾರಣ ಇಷ್ಟೇ. ಅಮೆರಿಕದಲ್ಲಿ ಬಿಳಿ ತಂತಿ ವಿದ್ಯುತ್ ಮೂಲಕ್ಕೆ, ಕಪ್ಪು ಟ್ರ್ಯಾಕ್‌ಗೆ, ಕೆಂಪು ಬ್ರೇಕಿಗೆ ಎಂಬುದು ರೂಢಿ. ಆದರೆ ಆ ಬಿಳಿ ಕಂಬಕ್ಕೆ ಬರುವುದು ಮೂಲದ ಧನ ತುದಿಯೋ ಋಣ ತುದಿಯೋ ಎಂಬುದನ್ನು ಬಣ್ಣ ಹೇಳುವುದಿಲ್ಲ. ಕಂಟ್ರೋಲರ್ ಧನ ತಂತಿಯ ದಾರಿಯಲ್ಲಿ ಕುಳಿತರೆ ಅದು ಧನ ಜೋಡಣೆ, ಋಣ ತಂತಿಯ ದಾರಿಯಲ್ಲಿ ಕುಳಿತರೆ ಋಣ ಜೋಡಣೆ. ರೋಧಕಕ್ಕೆ ಈ ಎರಡರಲ್ಲಿ ಯಾವುದಾದರೂ ಒಂದೇ. ಕರೆಂಟ್ ಯಾವ ಕಡೆಯಿಂದ ಬಂದರೂ ಅದು ತಡೆಯುತ್ತದೆ. ಟ್ರಾನ್ಸಿಸ್ಟರ್ ಹಾಗಲ್ಲ, ಅದಕ್ಕೆ ದಿಕ್ಕು ಇದೆ, ತಪ್ಪು ದಿಕ್ಕಿನಲ್ಲಿ ಸಿಕ್ಕಿಸಿದರೆ ಅದು ತಡೆಯುವ ಕೆಲಸವನ್ನೇ ಬಿಟ್ಟುಬಿಡುತ್ತದೆ. ನಾನು ಕೊಂಡದ್ದು ಋಣ ಜೋಡಣೆಗೆ ಮಾಡಿದ್ದು, ಗೆಳೆಯರ ಟ್ರ್ಯಾಕ್ ಧನ ಜೋಡಣೆಯದು. ಮಾರಿದವರು ಈ ಒಂದು ಮಾತನ್ನು ಹೇಳಿರಲಿಲ್ಲ, ಕೇಳಬೇಕೆಂಬುದು ನನಗೂ ಗೊತ್ತಿರಲಿಲ್ಲ.

ಈಗ ಯಾವ ಹೊಸ ಮನೆಗೆ ಹೋದರೂ ಚೀಲದಿಂದ ಮೊದಲು ಹೊರಗೆ ಬರುವುದು ವೋಲ್ಟ್ ಅಳೆಯುವ ಮಲ್ಟಿಮೀಟರ್. ಡಿಸಿ ವೋಲ್ಟಿಗೆ ಇಟ್ಟು, ಅದರ ಕೆಂಪು ಕಡ್ಡಿಯನ್ನು ಬಿಳಿ ಕಂಬಕ್ಕೂ ಕಪ್ಪು ಕಡ್ಡಿಯನ್ನು ಬ್ರೇಕಿನ ಕೆಂಪು ಕಂಬಕ್ಕೂ ತಾಗಿಸುತ್ತೇನೆ. ಅಂಕಿ ಹಾಗೇ ಬಂದರೆ ಧನ ಜೋಡಣೆ, ಅಂಕಿಯ ಮುಂದೆ ಋಣ ಚಿಹ್ನೆ ಬಂದರೆ ಋಣ ಜೋಡಣೆ. ಅರ್ಧ ನಿಮಿಷದ ಈ ಕೆಲಸವನ್ನು ಅಂದು ಮಾಡಿದ್ದರೆ ನನ್ನ ಹಣ ಉಳಿಯುತ್ತಿತ್ತು. ಕ್ಲಿಪ್‌ಗಳನ್ನು ಅದಲುಬದಲು ಮಾಡಿ ನೋಡುವ ಸಾಹಸವನ್ನು ಯಾರೂ ಮಾಡಬಾರದು: ಕಪ್ಪನ್ನು ಬ್ರೇಕಿನ ಕಂಬಕ್ಕೆ ಸಿಕ್ಕಿಸಿ ಟ್ರಿಗರ್ ಎಳೆದರೆ ಮೂಲದ ಎರಡು ತುದಿಗಳು ಕಂಟ್ರೋಲರ್‌ನೊಳಗೇ ಸೇರುತ್ತವೆ, ಆಗ ಗಟ್ಟಿಮುಟ್ಟಾದ ರೋಧಕದ ತಂತಿಯೂ ಸುಟ್ಟುಹೋಗುತ್ತದೆ.

ನಾಲ್ಕನೆಯದನ್ನು ಗೆಳೆಯರೊಬ್ಬರು ಎರಡು ಶನಿವಾರಗಳ ಮಟ್ಟಿಗೆ ನನಗೆ ಕೊಟ್ಟಿದ್ದರು. ಅದು ಇಟಲಿಯ ಸ್ಲಾಟ್.ಇಟ್ ಸಂಸ್ಥೆಯ ಎಸ್‌ಸಿಪಿ ಸರಣಿಯದು. ಅದರಲ್ಲಿ ಉಜ್ಜುವ ತೋಳೇ ಇಲ್ಲ. ಟ್ರಿಗರ್ ಎಲ್ಲಿದೆ ಎಂಬುದನ್ನು ಅಯಸ್ಕಾಂತದ ಸಂವೇದಕ ಗುರುತಿಸುತ್ತದೆ, ಆದ್ದರಿಂದ ಸವೆಯುವುದೂ ಇಲ್ಲ, ಕಪ್ಪಾಗುವುದೂ ಇಲ್ಲ. ಬೆರಳು ಗಾಬರಿಯಿಂದ ಒಮ್ಮೆಗೇ ಎಳೆದರೂ ಶಕ್ತಿಯನ್ನು ಹಂತಹಂತವಾಗಿ ಏರಿಸುವ ಸೌಕರ್ಯವೂ ಅದರಲ್ಲಿದೆ. ಎಳೆತ ಬೆಣ್ಣೆಯಂತಿದೆ, ಅದನ್ನು ಹಿಂದಿರುಗಿಸುವಾಗ ನನಗೆ ಮನಸ್ಸೇ ಇರಲಿಲ್ಲ. ಆದರೂ ಕೊಳ್ಳಲಿಲ್ಲ. ತಿಂಗಳಿಗೆ ಎರಡು ಸಂಜೆ ಆಡುವ ನನ್ನ ಬಜೆಟ್ಟಿಗೆ ಅದು ಹೆಚ್ಚು. ಜೊತೆಗೆ, ಒಂದೊಂದು ಗುಂಡಿಯನ್ನೂ ತಿರುಗಿಸಿ ನೋಡುತ್ತಾ ಅಭ್ಯಾಸದ ಸಮಯವನ್ನೆಲ್ಲ ಅದರಲ್ಲೇ ಕಳೆಯುತ್ತಿದ್ದೆ, ಕಾರು ಓಡಿಸುವುದು ಕಡಿಮೆಯಾಯಿತು. ಪ್ರತಿ ವಾರ ಸ್ಪರ್ಧೆಗೆ ಇಳಿಯುವವರ ಲೆಕ್ಕ ಬೇರೆಯಾಗಬಹುದು.

ವೈರಿನ ಉದ್ದ ಕೊನೆಯ ಮೂರು ಬಗೆಗಳಲ್ಲೂ ಸಾಕಷ್ಟಿದೆ. ಹಿಡಿಯ ಗಾತ್ರದಲ್ಲಿ ರೋಧಕದ್ದೇ ನನ್ನ ಕೈಗೆ ಹೆಚ್ಚು ಹಿತ.

ಹೊಸದಾಗಿ ಕೊಳ್ಳುವವರು ಒಂದೇ ಟ್ರ್ಯಾಕ್‌ನಲ್ಲಿ ಒಂದೇ ಬಗೆಯ ಕಾರು ಓಡಿಸುವವರಾದರೆ ಆ ಕಾರಿಗೆ ತಕ್ಕ ಓಮ್ ಇರುವ ರೋಧಕದ ಕಂಟ್ರೋಲರ್ ಕೊಳ್ಳಲಿ, ದಶಕಗಳ ಕಾಲ ಬಾಳುತ್ತದೆ. ಕಾರುಗಳು ಎರಡು ಬಗೆಯವಾದರೆ ಓಮ್ ಲೆಕ್ಕ ಹಾಕುವುದನ್ನು ಬಿಟ್ಟು ನೇರವಾಗಿ ಟ್ರಾನ್ಸಿಸ್ಟರಿಗೆ ಹೋಗಲಿ, ಮತ್ತು ಹಣ ಕೊಡುವ ಮೊದಲು ಅದು ಧನ ಜೋಡಣೆಯದೋ, ಋಣದ್ದೋ, ಎರಡಕ್ಕೂ ಹೊಂದುವುದೋ ಎಂದು ಕೇಳಲಿ. ಎರಡಕ್ಕೂ ಹೊಂದುವ ಮಾದರಿ ಬೇಕೆಂದು ನನಗೂ ಆಸೆಯಿತ್ತು; ಸುಟ್ಟುಹೋದದ್ದರ ನಷ್ಟದ ಬೆನ್ನಿಗೇ ಅಷ್ಟು ಹಣ ಹೊಂದಿಸಲಾಗದೆ, ನಮ್ಮ ನಾಲ್ಕು ಮನೆಗಳಲ್ಲಿ ಮೂರಕ್ಕೆ ಸಲ್ಲುವ ಧನ ಜೋಡಣೆಯದನ್ನೇ ಹೊಸದಾಗಿ ತಂದೆ. 25 ಮತ್ತು 90 ಓಮ್‌ನವುಗಳನ್ನು ಗುಂಪಿಗೆ ಹೊಸದಾಗಿ ಸೇರಿದವರಿಗೆ ಮಾರಿದ್ದೇನೆ. 45 ಓಮ್‌ನದು ಮಾತ್ರ ಚೀಲದಲ್ಲಿ ಉಳಿದಿದೆ. ನಾಲ್ಕನೆಯ ಮನೆಯ ಸರದಿ ಬಂದ ಶನಿವಾರ ರಬ್ಬರಿನಿಂದ ಅದರ ತಾಮ್ರದ ಗುಂಡಿಯನ್ನು ಉಜ್ಜಿ, ಅಲ್ಲಿ ಅದರಲ್ಲೇ ಓಡಿಸುತ್ತೇನೆ.