ಎರಡನೇ ಡಿಬಿ ಹಾಕಿಸುವವರೇ, ಟ್ರಿಪ್ ಆಗುವ ಆರ್‌ಸಿಸಿಬಿಯನ್ನು ತೆಗೆಸಬೇಡಿ

ಮನೆಯ ಮೇಲೊಂದು ಅಂತಸ್ತು ಕಟ್ಟಿಸಿ, ಅದಕ್ಕೆ ಪ್ರತ್ಯೇಕ ಡಿಬಿ (ವಿದ್ಯುತ್ತನ್ನು ಕೋಣೆಗಳಿಗೆ ಹಂಚುವ ಪೆಟ್ಟಿಗೆ) ಕೂರಿಸುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಓದಿ. ನಮ್ಮ ಮನೆಯಲ್ಲಿ ಈ ಕೆಲಸ ಮಾಡಿದವರು ಪಳಗಿದ ಕೈ ಎಂದು ಹೆಸರಾದ ಎಲೆಕ್ಟ್ರಿಷಿಯನ್. ಹೊರಗಿನಿಂದ ನೋಡಿದರೆ ಅಚ್ಚುಕಟ್ಟು: ಸಾಲಾಗಿ ಎಂಸಿಬಿಗಳು (ಲೋಡ್ ಮಿತಿ ಮೀರಿದರೆ ತಾವಾಗಿ ಆಫ್ ಆಗುವ ಸ್ವಿಚ್‌ಗಳು), ಪ್ರತಿಯೊಂದರ ಕೆಳಗೂ ಕೋಣೆಯ ಹೆಸರು. ಮುಚ್ಚಳದ ಹಿಂದೆ ಇದ್ದದ್ದು ಮಾತ್ರ ಜೀವಕ್ಕೆ ಕುತ್ತು ತರುವಂಥದ್ದು.

ಮೊದಲ ಸುಳಿವು ಕೆಲಸ ಮುಗಿದ ದಿನವೇ ಸಿಕ್ಕಿತ್ತು. ಮೇಲಿನ ಗೀಸರ್ ಹಾಕಿದರೆ ಸಾಕು, ಕೆಳಗಿನ ಮುಖ್ಯ ಬೋರ್ಡಿನ ಆರ್‌ಸಿಸಿಬಿ (ವಿದ್ಯುತ್ತು ಸೋರಿದರೆ ತಾನಾಗಿ ಆಫ್ ಆಗುವ ಸುರಕ್ಷಾ ಸ್ವಿಚ್) ಟ್ರಿಪ್ ಆಗಿ ಮನೆಯೆಲ್ಲ ಕತ್ತಲಾಗುತ್ತಿತ್ತು. "ಇದು ಹಳೆಯದು ಸರ್, ಕೆಟ್ಟಿದೆ. ಇದಿಲ್ಲದೆಯೂ ನಡೆಯುತ್ತದೆ" ಎಂದು ಅವರು ಅದನ್ನು ತಪ್ಪಿಸಿ ನೇರವಾಗಿ ವೈರ್ ಕೊಟ್ಟರು. ಟ್ರಿಪ್ ಆಗುವುದು ನಿಂತಿತು. ಆಮೇಲೆ ವಾಷಿಂಗ್ ಮೆಷಿನ್ ಮುಟ್ಟಿದರೆ ಬೆರಳು ಜುಮ್ಮೆನ್ನಲು ಶುರುವಾಯಿತು. ಫೋನ್ ಮಾಡಿದರೆ "ಚಪ್ಪಲಿ ಹಾಕಿಕೊಂಡು ಮುಟ್ಟಿ" ಎಂಬ ಉತ್ತರ ಬಂತು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಆ ಮೆಷಿನ್ ಪಕ್ಕದಲ್ಲೇ ಮಕ್ಕಳು ಒದ್ದೆ ಕಾಲಿನಲ್ಲಿ ಓಡಾಡುತ್ತಿದ್ದರು. ಕೊನೆಗೆ ಮೇಲಿನ ಡಿಬಿಯಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದಾಗ ಬೇರೊಬ್ಬರನ್ನು ಕರೆಸಿದೆವು.

ಅವರು ಮೇನ್ ಆಫ್ ಮಾಡಿ, ಮುಚ್ಚಳ ಬಿಚ್ಚಿ, ಟಾರ್ಚ್ ಹಿಡಿದು ತೋರಿಸಿದರು. ನ್ಯೂಟ್ರಲ್ ಪಟ್ಟಿಗೂ ಅರ್ಥಿಂಗ್ ಪಟ್ಟಿಗೂ ನಡುವೆ ಒಂದು ಸಣ್ಣ ವೈರಿನ ತುಂಡು. ಕೆಳಗಿನಿಂದ ಬರುವ ನ್ಯೂಟ್ರಲ್ ವೈರನ್ನು ಇನ್ನೊಂದರ ಜೊತೆ ಒಂದೇ ತೂತಿಗೆ ತುರುಕಲು ಅದರ ತಾಮ್ರದ ಎಳೆಗಳಲ್ಲಿ ಅರ್ಧದಷ್ಟನ್ನು ಕತ್ತರಿಸಿ ಹಾಕಿದ್ದರು. ಉಳಿದ ಎಳೆಗಳು ಕಪ್ಪಾಗಿದ್ದವು. ಸ್ಕ್ರೂ ಸಡಿಲವಾಗಿತ್ತು. ಬೆರಳು ತಾಗಿದರೆ ವೈರಿನ ಹೊದಿಕೆ ಪುಡಿಯಾಗಿ ಉದುರುತ್ತಿತ್ತು.

ಟ್ರಿಪ್ ಆಗುವುದಕ್ಕೂ ಬೆರಳು ಜುಮ್ಮೆನ್ನುವುದಕ್ಕೂ ಮೂಲ ಆ ಸಣ್ಣ ತುಂಡು. ನ್ಯೂಟ್ರಲ್ ಮತ್ತು ಅರ್ಥಿಂಗ್ ಸೇರುವುದಿದ್ದರೆ ಪೂರೈಕೆ ಆರಂಭವಾಗುವ ಒಂದೇ ಕಡೆ ಸೇರಬೇಕು. ಎರಡನೇ ಡಿಬಿಯಲ್ಲಿ ಅವು ಬೇರೆಬೇರೆಯಾಗಿಯೇ ಇರಬೇಕು. ಅಲ್ಲಿ ಕೂಡಿಸಿದರೆ ನ್ಯೂಟ್ರಲ್‌ನಲ್ಲಿ ಮರಳಬೇಕಾದ ವಿದ್ಯುತ್ತಿನ ಒಂದು ಪಾಲು ಅರ್ಥಿಂಗ್ ವೈರಿನಲ್ಲಿ ಹರಿಯುತ್ತದೆ. ಹೋದ ವಿದ್ಯುತ್ತಿಗೂ ಮರಳಿದ ವಿದ್ಯುತ್ತಿಗೂ ವ್ಯತ್ಯಾಸ ಕಂಡರೆ ಟ್ರಿಪ್ ಆಗುವುದೇ ಆರ್‌ಸಿಸಿಬಿಯ ಕೆಲಸ. ಮನೆಗಳಲ್ಲಿ ಹಾಕುವುದಕ್ಕೆ 30 ಮಿಲಿಆಂಪಿಯರ್ ವ್ಯತ್ಯಾಸ ಸಾಕು. ನಮ್ಮದು ಕೆಟ್ಟಿರಲಿಲ್ಲ, ಸರಿಯಾಗಿಯೇ ಹೇಳುತ್ತಿತ್ತು. ಅದರ ಬಾಯಿ ಮುಚ್ಚಿಸಿದ ಮೇಲೆ, ನ್ಯೂಟ್ರಲ್ ಸಡಿಲವಾದಷ್ಟೂ ಹೆಚ್ಚು ವಿದ್ಯುತ್ತು ಅರ್ಥಿಂಗ್ ಹಿಡಿಯಿತು. ನೆಲದೊಳಗಿನ ಅರ್ಥಿಂಗ್‌ನ ರೋಧ 5 ಓಮ್ ಇದ್ದು, ಅದರಲ್ಲಿ 10 ಆಂಪಿಯರ್ ಹರಿದರೆ, ಅದಕ್ಕೆ ಜೋಡಿಸಿದ ಲೋಹದ ಮೈಯೆಲ್ಲ 50 ವೋಲ್ಟ್‌ಗೆ ಏರುತ್ತದೆ. ಒದ್ದೆ ಕೈಗೆ ಅಷ್ಟು ವೋಲ್ಟೇಜೂ ಅಪಾಯಕಾರಿ.

ಇನ್ನೊಂದು ದೋಷವೂ ಇತ್ತು. ಕೆಳಗಿನಿಂದ ಮೇಲಕ್ಕೆ ಎಳೆದದ್ದು 4 ಚದರ ಮಿ.ಮೀ. ತಾಮ್ರದ ವೈರ್, ಅದಕ್ಕೆ ಹಾಕಿದ್ದು 63 ಆಂಪಿಯರ್ ಎಂಸಿಬಿ. ಪೈಪಿನೊಳಗೆ ಆ ವೈರ್ ತಾಳುವುದು ಹೆಚ್ಚೆಂದರೆ 30 ಆಂಪಿಯರ್ ಆಸುಪಾಸು. ಗೀಸರ್, ಎಸಿ, ಇಂಡಕ್ಷನ್ ಒಲೆ ಒಟ್ಟಿಗೆ ನಡೆದರೆ ಸುಲಭವಾಗಿ 7 ಕಿಲೋವ್ಯಾಟ್, ಅಂದರೆ 230 ವೋಲ್ಟ್‌ನಲ್ಲಿ ಸುಮಾರು 30 ಆಂಪಿಯರ್. ಲೋಡ್ 50ಕ್ಕೆ ಹೋದರೂ ಆ ಎಂಸಿಬಿ ಅಲುಗುವುದಿಲ್ಲ, ಗೋಡೆಯೊಳಗೆ ವೈರ್ ಬೇಯುತ್ತಿರುತ್ತದೆ. ಎಂಸಿಬಿ ಇರುವುದು ವೈರಿನ ರಕ್ಷಣೆಗೆ, ಆದ್ದರಿಂದ ವೈರ್ ತಾಳುವುದಕ್ಕಿಂತ ದೊಡ್ಡದನ್ನು ಹಾಕಲೇಬಾರದು. ಕೊನೆಗೆ ನಾವು ಪೂರ್ತಿ ಹೊಸ ವೈರ್ ಎಳೆಸಬೇಕಾಯಿತು, ಗೋಡೆಯನ್ನೂ ಒಡೆಸಿದೆವು.

ಆದ್ದರಿಂದ ಕೆಲಸ ಶುರುವಾಗುವ ಮೊದಲೇ ಲೋಡ್ ಲೆಕ್ಕ, ವೈರಿನ ಗಾತ್ರ, ಎಂಸಿಬಿಯ ಆಂಪಿಯರ್ ಬರೆದು ಕೊಡುವಂತೆ ಕೇಳಿ. ಬರೆದು ಕೊಡಲು ಹಿಂದೆಮುಂದೆ ನೋಡುವವರಿಗೆ ಕೆಲಸ ಕೊಡಬೇಡಿ. ಪರವಾನಗಿ ಇದೆಯೇ ಎಂದು ಕೇಳಲು ಸಂಕೋಚ ಬೇಡ. ಮುಚ್ಚಳ ಹಾಕುವ ಮುನ್ನ ಒಳಗಿನ ಫೋಟೋ ತೆಗೆದುಕೊಳ್ಳಿ. ಕೊನೆಯಲ್ಲಿ ಮೇಲಿನ ಎಲ್ಲ ಉಪಕರಣಗಳನ್ನೂ ಚಾಲೂ ಮಾಡಿಸಿ, ಎರಡನೇ ಡಿಬಿಗೆ ಬರುವ ಅರ್ಥಿಂಗ್ ವೈರಿಗೆ ಟಾಂಗ್ ಟೆಸ್ಟರ್ (ವೈರನ್ನು ಸುತ್ತುವರಿದು ಹಿಡಿದು ಅದರಲ್ಲಿ ಹರಿಯುವ ವಿದ್ಯುತ್ತನ್ನು ಅಳೆಯುವ ಮೀಟರ್) ಹಾಕಿ ನಿಮ್ಮೆದುರೇ ತೋರಿಸಲು ಹೇಳಿ. ಸೊನ್ನೆಯ ಹತ್ತಿರ ಇರಬೇಕು. ಆಂಪಿಯರ್ ಲೆಕ್ಕದಲ್ಲಿ ತೋರಿಸಿದರೆ ಆ ಡಿಬಿಯ ಮೇನ್ ಆಫ್ ಮಾಡಿಸಿ, ಸರಿಯಾಗುವವರೆಗೆ ಬಾಕಿ ಹಣ ಕೊಡಬೇಡಿ.