ಎಚ್‌ಐವಿ ಜೀನೋಟೈಪಿಂಗ್: ರಿಪೋರ್ಟ್ ಗಟ್ಟಿ, ಕೌಂಟರ್ ಸಡಿಲ

ಎಚ್‌ಐವಿ ವೈರಸ್‌ನ ಜೀನ್ ಓದಿ ಯಾವ ಮದ್ದು ನಾಟದು ಎಂದು ಹೇಳುವ ಪರೀಕ್ಷೆಯೇ ಜೀನೋಟೈಪಿಂಗ್. ಮಂಗಳೂರಿನ ಕಂಕನಾಡಿ ಕಡೆಯ ಈ ಖಾಸಗಿ ಕಲೆಕ್ಷನ್ ಸೆಂಟರ್‌ನಲ್ಲಿ ರಕ್ತ ತೆಗೆಯುವುದಷ್ಟೇ, ಸೀಕ್ವೆನ್ಸಿಂಗ್ (ಜೀನ್ ಓದುವ ಕೆಲಸ) ನಡೆಯುವುದು ಬೆಂಗಳೂರಿನಲ್ಲಿ. ಅಲ್ಲಿಯ ಕೆಲಸಕ್ಕೆ ಐದರಲ್ಲಿ ನಾಲ್ಕು ಅಂಕ, ಇಲ್ಲಿಯದಕ್ಕೆ ಎರಡು.

ಕೌಂಟರ್‌ನಲ್ಲಿ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಎಷ್ಟೆಂದು ಕೇಳುವವರೇ ಇಲ್ಲ. ಒಂದು ಎಂಎಲ್ ಪ್ಲಾಸ್ಮಾದಲ್ಲಿ 1000 ಕಾಪಿಗಿಂತ ಕಡಿಮೆ ಇದ್ದರೆ ಪಿಸಿಆರ್ (ವೈರಸ್‌ನ ಜೀನನ್ನು ಓದುವಷ್ಟು ಹೆಚ್ಚಿಸುವ ಹಂತ) ಕೈಕೊಡುವ ಸಂಭವ ಹೆಚ್ಚು. ಸಾವಿರಗಟ್ಟಲೆ ದುಡ್ಡು ಕೊಟ್ಟು ‘ಆಂಪ್ಲಿಫಿಕೇಶನ್ ಫೇಲ್ಡ್’ ಎಂಬ ಒಂದೇ ಸಾಲು ಸಿಕ್ಕೀತು. ವೆನ್ಲಾಕ್ ಸರಕಾರಿ ಆಸ್ಪತ್ರೆಯ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರದಲ್ಲಿ ನೋಂದಾಯಿಸಿದವರಿಗೆ ವೈರಲ್ ಲೋಡ್ ಉಚಿತ. ಆ ಹಾಳೆ ಹಿಡಿದೇ ಹೋಗಿ.

ಎಚ್‌ಐವಿ ಮಾತ್ರೆ ನಡೆಯುತ್ತಿದೆಯೇ ಎಂದೂ ವಿಚಾರಿಸುವುದಿಲ್ಲ. ಮಾತ್ರೆ ಬಿಟ್ಟು ತಿಂಗಳು ದಾಟಿದರೆ ಮದ್ದಿಗೆ ಬಗ್ಗದ ತಳಿ ಅಡಗಿ, ಮೂಲ ತಳಿ ಮತ್ತೆ ತಲೆಯೆತ್ತುತ್ತದೆ. ಒಟ್ಟು ವೈರಸ್‌ನಲ್ಲಿ ಶೇ. 15-20ಕ್ಕಿಂತ ಕಡಿಮೆ ಇರುವ ತಳಿ ಸ್ಯಾಂಗರ್ ಎಂಬ ಸೀಕ್ವೆನ್ಸಿಂಗ್ ವಿಧಾನದ ಕಣ್ಣಿಗೆ ಬೀಳದು. ಚೊಕ್ಕವಾಗಿ ಕಂಡ ರಿಪೋರ್ಟನ್ನು ಆಗ ನಂಬುವಂತಿಲ್ಲ.

ನೇರಳೆ ಮುಚ್ಚಳದ ಇಡಿಟಿಎ ಟ್ಯೂಬನ್ನೇ ಬಳಸುತ್ತಾರೆ, ಅದು ಸರಿ. ಹೆಪಾರಿನ್ ಟ್ಯೂಬ್ ಆದರೆ ಪಿಸಿಆರ್ ಕೆಡುತ್ತದೆ. ಆರು ಗಂಟೆಯೊಳಗೆ ಪ್ಲಾಸ್ಮಾ ಬೇರ್ಪಡಿಸಿ ಮೈನಸ್ 70 ಡಿಗ್ರಿಯಲ್ಲಿ ಇಡಬೇಕು. ಇಲ್ಲಿರುವುದು ಮೈನಸ್ 20ರ ಫ್ರೀಜರ್, ಬಾಗಿಲು ತೆರೆದು ಮುಚ್ಚಿ ಒಳಗೆಲ್ಲ ಮಂಜಿನ ಹೆಪ್ಪು. ಶನಿವಾರ ಕೊಟ್ಟ ರಕ್ತ ಸೋಮವಾರದವರೆಗೆ ಅಲ್ಲೇ. ಮಳೆಗಾಲದಲ್ಲಿ ಶಿರಾಡಿ ಘಾಟಿ ಬಂದ್ ಆಯಿತೆಂದರೆ ಪೆಟ್ಟಿಗೆಯ ಡ್ರೈ ಐಸ್ ದಾರಿಯಲ್ಲೇ ಆವಿ. ಸೋಮವಾರ ಬೆಳಗ್ಗೆ ಹೋಗುವುದೇ ವಾಸಿ.

ರಿಪೋರ್ಟ್ ಮಾತ್ರ ಅಚ್ಚುಕಟ್ಟು. ವೈರಸ್‌ನ ಸಬ್‌ಟೈಪ್ (ನಮ್ಮಲ್ಲಿ ಬಹುಪಾಲು ಸಿ), ಯಾವ ಮ್ಯುಟೇಶನ್‌ಗೆ (ಜೀನ್‌ನ ಬದಲಾವಣೆಗೆ) ಯಾವ ಮದ್ದು ಸೋಲುತ್ತದೆ ಎಂಬ ಪಟ್ಟಿ: ಎಂ184ವಿ ಇದ್ದರೆ ಲ್ಯಾಮಿವುಡಿನ್, ಕೆ65ಆರ್‌ಗೆ ಟೆನೊಫೊವಿರ್, ಕೆ103ಎನ್‌ಗೆ ಎಫಾವಿರೆಂಜ್. ಕೇಳಿದರೆ ಫಾಸ್ಟಾ ಫೈಲ್ (ಓದಿದ ಜೀನ್‌ನ ಅಕ್ಷರಸಾಲು) ಕೊಡುತ್ತಾರೆ. ಸ್ಟ್ಯಾನ್‌ಫರ್ಡ್‌ನ ಉಚಿತ ಡೇಟಾಬೇಸಿಗೆ ಹಾಕಿ ವೈದ್ಯರು ತಾಳೆ ನೋಡಬಹುದು. ಇಂಟಿಗ್ರೇಸ್‌ಗೆ (ಡೊಲುಟೆಗ್ರಾವಿರ್ ಮದ್ದು ತಡೆಯುವ ವೈರಸ್ ಕಿಣ್ವದ ಜೀನ್ ಭಾಗಕ್ಕೆ) ಬೇರೆ ಬಿಲ್ ಎಂಬುದು ಬೇಸರ. ಮೂರು ಮದ್ದು ಸೇರಿದ ಟಿಎಲ್‌ಡಿ ಮಾತ್ರೆಯಲ್ಲೇ ಡೊಲುಟೆಗ್ರಾವಿರ್ ಇರುವಾಗ ಇಂಟಿಗ್ರೇಸ್ ಬಿಟ್ಟು ಟೆಸ್ಟ್ ಮಾಡಿಸುವುದೆಂದರೆ ಅರ್ಧ ಮಾಡಿಗೆ ಹಂಚು ಹೊದಿಸಿದ ಹಾಗೆ.

ಫಾರಂನಲ್ಲಿ ಹೆಪಟೈಟಿಸ್ ಬಿಗೆ ಜಾಗವೇ ಇಲ್ಲ. ಟೆನೊಫೊವಿರ್ ಆ ವೈರಸ್ಸನ್ನೂ ಹಿಡಿದಿಟ್ಟಿರುತ್ತದೆ. ಕೆ65ಆರ್ ಕಂಡಿತೆಂದು ತಟ್ಟನೆ ನಿಲ್ಲಿಸಿದರೆ ಲಿವರ್ ಕೆರಳಬಹುದು. ಕ್ಷಯದ ರಿಫಾಂಪಿಸಿನ್ ನಡೆಯುತ್ತಿದ್ದರೆ ರಕ್ತದಲ್ಲಿ ಡೊಲುಟೆಗ್ರಾವಿರ್ ಇಳಿಯುತ್ತದೆ, 50 ಎಂಜಿ ದಿನಕ್ಕೆರಡು ಬಾರಿ ಬೇಕು. ಅದು ತಪ್ಪಿ ವೈರಲ್ ಲೋಡ್ ಏರಿದ್ದರೆ ಮ್ಯುಟೇಶನ್ ಹುಡುಕುವ ಮುಂಚೆ ಡೋಸ್ ಸರಿಪಡಿಸಬೇಕು. ‘ಇತರ ಔಷಧಿ’ ಎಂಬ ಒಂದು ಗೆರೆಯ ಜಾಗವಿದೆ, ಎರಡನ್ನೂ ಅಲ್ಲೇ ಬರೆಸಿ.