ಅಪ್ಪ ಅಮ್ಮನ ಜೊತೆ ಸ್ಪೇನ್‌ಗೆ ಹೋಗುವವರು ರೆಸ್ಟೋರೆಂಟ್ ಬುಕ್ ಮಾಡುವ ಮುಂಚೆ ಇದನ್ನು ಓದಿ

ನೇರವಾಗಿ ವಿಷಯಕ್ಕೆ ಬರುತ್ತೇನೆ. ಎರಡು ಮೂರು ದಿನಕ್ಕೆ ಸ್ಪೇನ್‌ಗೆ ಹೋಗುತ್ತಿದ್ದೀರಾ? ಜೊತೆಯಲ್ಲಿ ಸಸ್ಯಾಹಾರಿಗಳು ಇದ್ದಾರಾ? ಒಂದು ರಾತ್ರಿ ದೊಡ್ಡ ರೆಸ್ಟೋರೆಂಟಿನಲ್ಲಿ ಊಟ ಮಾಡೋಣ ಅಂದುಕೊಂಡಿದ್ದೀರಾ? ಹಾಗಾದರೆ ಬುಕಿಂಗ್ ಫಾರ್ಮಿನಲ್ಲಿ ‘ವೆಜಿಟೇರಿಯನ್’ ಅಂತ ಟಿಕ್ ಮಾಡಿ ಸುಮ್ಮನಾಗಬೇಡಿ. ನಾನು ಸುಮ್ಮನಾದೆ. ಅರವತ್ತು ವರ್ಷ ಮಾಂಸ ಮುಟ್ಟದ ನನ್ನ ಅಮ್ಮನ ಬಾಯಿಗೆ ಹಂದಿಮಾಂಸದ ಸಾರು ಹೋಯಿತು.

ನಾವಿರುವುದು ನೆದರ್‌ಲ್ಯಾಂಡ್ಸ್‌ನ ಐಂಧೋವನ್‌ನಲ್ಲಿ. ಎರಡು ವರ್ಷದ ಹಿಂದೆ ಅಮ್ಮ ಮೈಸೂರಿನಿಂದ ಬಂದಿದ್ದರು. ಏಪ್ರಿಲ್‌ನಲ್ಲಿ ಅವರಿಗೆ 60 ತುಂಬಿತು. ಬಾರ್ಸಿಲೋನಾಗೆ ಇಲ್ಲಿಂದ ಎರಡು ಗಂಟೆ ವಿಮಾನ. ಶನಿವಾರ ಬೆಳಿಗ್ಗೆ ಹೋಗಿ ಸೋಮವಾರ ರಾತ್ರಿ ವಾಪಸ್, ನಾನು ಅಮ್ಮ ಇಬ್ಬರೇ. ಅಮ್ಮ ಜೀವನಪೂರ್ತಿ ಎಲ್ಲರಿಗೂ ಬಡಿಸಿದವರು. ಒಂದು ದಿನವಾದರೂ ಅವರನ್ನು ಕೂರಿಸಿ, ಹತ್ತು ಹದಿನೈದು ಬಗೆ ಒಂದೊಂದಾಗಿ ತಂದು ಬಡಿಸುವ ಜಾಗಕ್ಕೆ ಕರೆದುಕೊಂಡು ಹೋಗಬೇಕು ಅಂತ ನನಗೆ ಆಸೆ.

ಹುಡುಕಲು ಕೂತಿದ್ದು ಮೂರೇ ವಾರ ಮುಂಚೆ. ಮೊದಲ ತಪ್ಪು ಅದೇ. ಜಿರೋನಾ ಊರಿನ ಎಲ್ ಸೆಲ್ಯೆರ್ ದೆ ಕಾನ್ ರೋಕಾ ರೆಸ್ಟೋರೆಂಟಿನಂಥ ಕಡೆ 11 ತಿಂಗಳು ಮುಂಚೆಯೇ ಬುಕಿಂಗ್ ತೆರೆಯುತ್ತದೆ. ಹೆಸರಾಂತ ಜಾಗಗಳೆಲ್ಲ ತುಂಬಿಹೋಗಿದ್ದವು. ಎರಡನೆಯದು, ಒಳ್ಳೆಯ ರೆಸ್ಟೋರೆಂಟುಗಳಿಗೆ ನಕ್ಷತ್ರ ಕೊಡುವ ಮಿಶೆಲಿನ್ ಪಟ್ಟಿಯಲ್ಲಿ ಹಸಿರು ನಕ್ಷತ್ರ ನೋಡಿದ ಕೂಡಲೇ ಸಸ್ಯಾಹಾರಿ ಅಂದುಕೊಂಡುಬಿಟ್ಟೆ. ಬಿಸ್ಕತ್ ಪ್ಯಾಕೆಟ್ ಮೇಲಿನ ಹಸಿರು ಚುಕ್ಕಿ ನೋಡಿ ಬೆಳೆದವರು ನಾವು, ಅಲ್ವಾ? 2020ರಲ್ಲಿ ಶುರುವಾದ ಆ ಹಸಿರು ನಕ್ಷತ್ರ ಪರಿಸರದ ಕಾಳಜಿಗೆ ಕೊಟ್ಟಿದ್ದು. ಅಲ್ಲಿ ಕುರಿ, ಹಂದಿ ಎಲ್ಲಾ ಇರಬಹುದು. ಗೆಳತಿಯೊಬ್ಬಳು ಹೇಳಿದ್ದರಿಂದ ಅಷ್ಟು ತಿಳಿಯಿತು.

ಇನ್ನೊಂದು ತೊಡಕು ದಿನದ್ದು. ಅಲ್ಲಿನ ಒಳ್ಳೆಯ ರೆಸ್ಟೋರೆಂಟುಗಳಲ್ಲಿ ಹೆಚ್ಚಿನವು ಭಾನುವಾರ ರಾತ್ರಿ ಮತ್ತು ಸೋಮವಾರ ಮುಚ್ಚಿರುತ್ತವೆ. ಆಗಸ್ಟ್‌ನಲ್ಲಂತೂ ಎಷ್ಟೋ ಕಡೆ ವಾರಗಟ್ಟಲೆ ರಜೆ. ವಾರಾಂತ್ಯದ ಪ್ರವಾಸ ಅಂದರೆ ಕೈಯಲ್ಲಿ ಉಳಿಯುವುದು ಶನಿವಾರ ರಾತ್ರಿ ಒಂದೇ. ಅವತ್ತು ಖಾಲಿ ಇದ್ದ ಒಂದು ಜಾಗ ಸಿಕ್ಕಿತು. ಫೋಟೋಗಳು ಚೆನ್ನಾಗಿದ್ದವು. ತಲಾ 165 ಯೂರೋ. ‘ಆಹಾರದ ನಿರ್ಬಂಧಗಳು’ ಅನ್ನುವ ಜಾಗದಲ್ಲಿ ಒಬ್ಬರು ಸಸ್ಯಾಹಾರಿ ಅಂತ ತುಂಬಿ, ಕಾರ್ಡ್ ನಂಬರ್ ಕೊಟ್ಟೆ.

ಹೊರಡುವ ಎರಡು ದಿನ ಮುಂಚೆ, ಅಮ್ಮನಿಗೆ ಪೂರ್ತಿ ಸಸ್ಯಾಹಾರ ಸಿಗುತ್ತದಾ ಅಂತ ಯಾಕೋ ಅನುಮಾನ ಬಂತು. ಮೇಲ್ ಮಾಡಿದೆ. ‘ನಿಮ್ಮ ಬುಕಿಂಗ್ ಖಚಿತವಾಗಿದೆ, ನಿಮಗಾಗಿ ಕಾಯುತ್ತಿದ್ದೇವೆ’ ಅಂತ ಸಿದ್ಧ ಉತ್ತರ ಬಂತು. ಪ್ರಶ್ನೆಗೆ ಉತ್ತರ ಇಲ್ಲ. ರದ್ದು ಮಾಡೋಣ ಅಂತ ನೋಡಿದರೆ 72 ಗಂಟೆಯ ಗಡುವು ದಾಟಿತ್ತು. ಬರದಿದ್ದರೆ ತಲಾ 120 ಯೂರೋ ಕಾರ್ಡಿನಿಂದ ಹೋಗುತ್ತದೆ. ಇದು ಆ ಒಂದು ಜಾಗದ ನಿಯಮ ಅಲ್ಲ. ದೊಡ್ಡ ರೆಸ್ಟೋರೆಂಟುಗಳಲ್ಲಿ ಈಗ ಇದು ಸಾಮಾನ್ಯ, ಕೆಲವು ಕಡೆ ಪೂರ್ತಿ ಹಣ ಮೊದಲೇ ಕಟ್ಟಬೇಕು. ಹೋಗೋಣ, ನೋಡಿಕೊಳ್ಳುತ್ತಾರೆ ಅಂತ ಧೈರ್ಯ ಮಾಡಿದೆ.

ಊಟ ಶುರುವಾಗಿದ್ದು ರಾತ್ರಿ ಎಂಟೂಮುಕ್ಕಾಲಿಗೆ. ಅದಕ್ಕಿಂತ ಮುಂಚೆ ಆ ಜಾಗದಲ್ಲಿ ಅಡುಗೆಮನೆಯೇ ತೆರೆಯುವುದಿಲ್ಲ. ಬಂದ ಹುಡುಗ ‘ಅಲರ್ಜಿ ಏನಾದರೂ ಇದೆಯಾ’ ಅಂತ ಕೇಳಿದ. ಅಲರ್ಜಿ ಇಲ್ಲ, ಅಮ್ಮ ಸಸ್ಯಾಹಾರಿ, ಮೀನೂ ತಿನ್ನುವುದಿಲ್ಲ ಅಂದೆ. ‘ಗೊತ್ತು, ಬರೆದಿದೆ’ ಅಂದ.

ಮೊದಲ ಎರಡು ತಿಂಡಿ ಚೆನ್ನಾಗಿದ್ದವು. ಮೂರನೆಯದು ಹಸಿ ಬಟಾಣಿ. ವಸಂತದಲ್ಲಿ ಮಾತ್ರ ಸಿಗುವ ಎಳೇ ಬಟಾಣಿ, ಕಣ್ಣೀರಿನ ಹನಿಯಷ್ಟೇ ಇರುತ್ತದೆ ಅಂತ ಅದಕ್ಕೆ ‘ಲಾಗ್ರಿಮಾ’ ಅನ್ನುತ್ತಾರೆ. ಎರಡು ಬಿಳಿ ಬಟ್ಟಲು. ನನ್ನದರ ಮೇಲೆ ಗರಿಗರಿಯಾದ ಹಾಮೋನ್ ಚೂರು, ಅಂದರೆ ಉಪ್ಪು ಹಾಕಿ ಒಣಗಿಸಿದ ಹಂದಿ ತೊಡೆಯ ಮಾಂಸ. ಅಮ್ಮನದರ ಮೇಲೆ ಪುದೀನ ಎಲೆ. ಹುಡುಗ ಚಿಕ್ಕ ಹೂಜಿ ತಂದು, ಬಂಗಾರದ ಬಣ್ಣದ ತಿಳಿಸಾರನ್ನು ಮೊದಲು ಅಮ್ಮನ ಬಟ್ಟಲಿಗೆ ಸುರಿದ. ಅದೇ ಹೂಜಿಯಿಂದ ನನ್ನ ಬಟ್ಟಲಿಗೂ ಸುರಿದ.

ನನಗೆ ಆಗಲೇ ಹೊಳೆಯಬೇಕಿತ್ತು. ಅಮ್ಮ ಎರಡು ಚಮಚ ಕುಡಿದು ಚಮಚ ಕೆಳಗಿಟ್ಟರು. ‘ಒಂಥರಾ ವಾಸನೆ ಇದೆ ಕಣೇ’ ಅಂದರು. ನಾನು ಹುಡುಗನನ್ನು ಕರೆದು ಕೇಳಿದೆ. ಅವನು ಸಂತೋಷದಿಂದಲೇ ಹೇಳಿದ: ಹಾಮೋನ್ ಮೂಳೆ ಆರು ಗಂಟೆ ಕುದಿಸಿ ಮಾಡಿದ ಸಾರು. ‘ಆದರೆ ಮಾಂಸ ಹಾಕಿಲ್ಲ, ಬರೀ ಸಾರು.’ ಅವನಿಗೆ ಅದರಲ್ಲಿ ತಪ್ಪೇ ಕಾಣಲಿಲ್ಲ.

ಅಮ್ಮ ಎದ್ದು ಬಾತ್‌ರೂಮಿಗೆ ಹೋದರು. ತುಂಬಾ ಹೊತ್ತು ಬರಲಿಲ್ಲ. ನಾನು ಹೋಗಿ ನೋಡಿದರೆ ಬಾಯಿ ಮುಕ್ಕಳಿಸುತ್ತಲೇ ಇದ್ದರು. ‘ಪರವಾಗಿಲ್ಲ ಬಿಡು, ನಿನಗೆ ಗೊತ್ತಿತ್ತಾ’ ಅಂದರು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆಮೇಲೆ ಅಮ್ಮನಿಗೆ ತಂದಿದ್ದು ಸೊಪ್ಪಿನ ಸಲಾಡ್, ಟೊಮೇಟೊ, ಬ್ರೆಡ್. ಅದನ್ನೂ ಅವರು ಮುಟ್ಟಲಿಲ್ಲ. ಬಿಲ್ ಮಾತ್ರ ಪೂರ್ತಿ. ಎರಡು ಊಟಕ್ಕೆ 330, ಎರಡು ಬಾಟಲಿ ನೀರಿಗೆ 12, ಒಟ್ಟು 342 ಯೂರೋ. ನಮ್ಮ ಲೆಕ್ಕದಲ್ಲಿ 30 ಸಾವಿರ ರೂಪಾಯಿಗೂ ಜಾಸ್ತಿ. ಮ್ಯಾನೇಜರ್ ಕ್ಷಮೆ ಕೇಳಿದರು, ಹಣ ಬಿಡಲಿಲ್ಲ. ಸ್ಪೇನ್‌ನಲ್ಲಿ ಗ್ರಾಹಕ ಕೇಳಿದರೆ ‘ಓಹಾ ದೆ ರೆಕ್ಲಮಾಸಿಯೋನೆಸ್’ ಅನ್ನುವ ಸರ್ಕಾರಿ ದೂರು ಹಾಳೆ ಕೊಡಲೇಬೇಕು ಅಂತ ನನಗೆ ಆಗ ಗೊತ್ತಿರಲಿಲ್ಲ. ನೀವು ಈ ಹೆಸರು ನೆನಪಿಟ್ಟುಕೊಳ್ಳಿ. ನೀರಿನ ವಿಷಯವೂ ಅಷ್ಟೇ. 2022ರ ಕಾಯಿದೆ ಪ್ರಕಾರ ಕೇಳಿದರೆ ನಲ್ಲಿ ನೀರು ಪುಕ್ಕಟೆ ಕೊಡಬೇಕು. ಭಾರತದ ಕಾರ್ಡ್ ಇರುವವರಿಗೆ ಮಷೀನ್ ರೂಪಾಯಲ್ಲಿ ಕಟ್ಟುತ್ತೀರಾ ಅಂತ ಕೇಳಿದರೆ ಬೇಡ ಅನ್ನಿ, ಯೂರೋ ಒತ್ತಿ. ಇಲ್ಲದಿದ್ದರೆ ಯೂರೋವನ್ನು ರೂಪಾಯಿ ಮಾಡಲು ಅವರದೇ ದುಬಾರಿ ದರ ಹಾಕುತ್ತಾರೆ.

ರೂಮಿಗೆ ಬಂದಾಗ ರಾತ್ರಿ ಒಂದು ಗಂಟೆ. ಅಮ್ಮ ಸರಿಯಾಗಿ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಸಗ್ರಾದಾ ಫಾಮಿಲಿಯಾ ಚರ್ಚಿಗೆ ಸಮಯ ಹಾಕಿದ ಟಿಕೆಟ್ ಇತ್ತು, ಅದೂ ಹೋಯಿತು. ಮೂರು ದಿನದ ಪ್ರವಾಸದಲ್ಲಿ ಒಂದು ಊಟ ಒಂದೂವರೆ ದಿನ ತಿಂದುಹಾಕಿತು.

ತಪ್ಪಾಗಿದ್ದು ಎಲ್ಲಿ ಅಂತ ಆಮೇಲೆ ತುಂಬಾ ಯೋಚನೆ ಮಾಡಿದೆ. ಯುರೋಪಿನ ಕಾನೂನಿನಲ್ಲಿ 14 ಅಲರ್ಜಿ ಪದಾರ್ಥಗಳ ಬಗ್ಗೆ ರೆಸ್ಟೋರೆಂಟ್ ಮಾಹಿತಿ ಕೊಡಲೇಬೇಕು. ಗೋಧಿ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಹೀಗೆ. ಹಂದಿ, ಕೋಳಿ ಆ ಪಟ್ಟಿಯಲ್ಲಿ ಇಲ್ಲ. ಅಲರ್ಜಿ ಅಂದರೆ ಅಡುಗೆಮನೆ ಎಚ್ಚರವಾಗುತ್ತದೆ, ಸಸ್ಯಾಹಾರಿ ಅಂದರೆ ಮೇಲಿನ ಚೂರು ತೆಗೆದರೆ ಸಾಕು ಅಂದುಕೊಳ್ಳುವವರು ಇದ್ದಾರೆ. ಸ್ಪೇನ್‌ನಲ್ಲಿ ಬರೀ ‘ಸಿನ್ ಕಾರ್ನೆ’, ಮಾಂಸ ಬೇಡ, ಅಂದರೂ ಸಾಲದು. ಹಾಮೋನ್ ಮತ್ತು ಟ್ಯೂನಾ ಮೀನನ್ನು ಎಷ್ಟೋ ಜನ ‘ಕಾರ್ನೆ’ ಲೆಕ್ಕಕ್ಕೇ ಹಿಡಿಯುವುದಿಲ್ಲ. ಬೀನ್ಸ್, ಪಾಲಕ್, ಸೂಪು, ಎಲ್ಲದರಲ್ಲೂ ಹಾಮೋನ್ ಬರಬಹುದು.

ಹಾಗಾಗಿ ಕಾರ್ಡ್ ನಂಬರ್ ಕೊಡುವ ಮುಂಚೆ ಮೇಲ್ ಮಾಡಿ. ಒಂದೊಂದೂ ಬಿಡಿಸಿ ಬರೆಯಿರಿ: ಸಿನ್ ಕಾರ್ನೆ, ಸಿನ್ ಹಾಮೋನ್, ಸಿನ್ ಪೆಸ್ಕಾದೊ, ಸಿನ್ ಮಾರಿಸ್ಕೊ, ಸಿನ್ ಹೆಲಾತಿನಾ. ಮಾಂಸ, ಹಾಮೋನ್, ಮೀನು, ಸಿಗಡಿ ಚಿಪ್ಪಿನಂಥವು, ಜೆಲಟಿನ್ ಯಾವುದೂ ಬೇಡ. ಕೊನೆಗೆ, ಮಾಂಸ ಅಥವಾ ಮೀನಿನ ‘ಕಾಲ್ದೊ’ ಕೂಡ ಬೇಡ ಅಂತ ಸೇರಿಸಿ. ಕಾಲ್ದೊ ಅಂದರೆ ಸಾರು, ನಮಗೆ ಕೈಕೊಟ್ಟಿದ್ದು ಅದೇ. ಸಾರು ಯಾವುದರಿಂದ ಮಾಡುತ್ತೀರಿ ಅಂತ ಕೇಳಿ. ಅದಕ್ಕೆ ನೇರ ಉತ್ತರ ಬರದಿದ್ದರೆ ಆ ಜಾಗ ಬಿಟ್ಟುಬಿಡಿ, ಎಷ್ಟೇ ನಕ್ಷತ್ರ ಇರಲಿ. ಸಾಧ್ಯವಾದರೆ ರಾತ್ರಿ ಬೇಡ, ಮಧ್ಯಾಹ್ನದ ಊಟ ಬುಕ್ ಮಾಡಿ. ವಯಸ್ಸಾದವರಿಗೆ ಮಧ್ಯರಾತ್ರಿವರೆಗೆ ಕೂರುವುದು ಕಷ್ಟ.

ಸೋಮವಾರ ಮಧ್ಯಾಹ್ನ ಎಶಾಂಪ್ಲ ಬಡಾವಣೆಯ ಒಂದು ಚಿಕ್ಕ ಹೋಟೆಲಿನಲ್ಲಿ ತಲಾ 16 ಯೂರೋ ‘ಮೆನು ದೆಲ್ ದಿಯಾ’ ತಿಂದೆವು. ವಾರದ ದಿನಗಳಲ್ಲಿ ಮಧ್ಯಾಹ್ನ ಸಿಗುವ ಊಟ ಅದು. ಸುಟ್ಟ ಬದನೆಕಾಯಿ, ದೊಣ್ಣೆಮೆಣಸಿನ ಎಸ್ಕಾಲಿವಾದಾ. ಅದರ ಮೇಲೆ ಮೀನು ಇಡುವ ರೂಢಿ ಇದೆ ಅಂತ ಕೇಳಿ ತೆಗೆಸಿದೆ. ಅಮ್ಮ ಎರಡು ದಿನದಲ್ಲಿ ಮೊದಲ ಸಲ ಹೊಟ್ಟೆ ತುಂಬಾ ತಿಂದರು.

ಅಮ್ಮ ಮೈಸೂರಿಗೆ ಹೋಗುವ ಮುಂಚೆ, ಮೇ ಕೊನೆಯಲ್ಲಿ, ವಲೆನ್ಸಿಯಾಗೆ ಕರೆದುಕೊಂಡು ಹೋದೆ. ಈ ಸಲ ಮೂರು ಕಡೆ ಮೇಲ್ ಮಾಡಿದೆ. ಒಂದರಿಂದ ಉತ್ತರ ಬರಲಿಲ್ಲ. ಇನ್ನೊಂದು ದೊಡ್ಡ ರೆಸ್ಟೋರೆಂಟ್ ‘ನಮ್ಮ ಅಡುಗೆಯಲ್ಲಿ ಮೀನಿನ ಸಾರು ಬಿಟ್ಟು ಮಾಡಲು ಆಗುವುದಿಲ್ಲ, ದಯವಿಟ್ಟು ಬರಬೇಡಿ’ ಅಂತ ಬರೆಯಿತು. ಆ ಮೇಲ್ ಓದಿ ನನಗೆ ನಿಜವಾಗಿಯೂ ಸಮಾಧಾನವಾಯಿತು. ಮೂರನೆಯವರು ತರಕಾರಿ ಪಾಯೇಯಾ, ಅಂದರೆ ಬಾಣಲೆಯಲ್ಲಿ ಸಾರು ಹಾಕಿ ಬೇಯಿಸುವ ಅನ್ನ, ಮಾಡುತ್ತೇವೆ, ಸಾರೂ ತರಕಾರಿಯದೇ, ಬೇರೆ ಬಾಣಲೆ, ಮಧ್ಯಾಹ್ನ ಎರಡಕ್ಕೆ ಬನ್ನಿ ಅಂತ ಬರೆದರು. ತಳ ಹಿಡಿದ ಅನ್ನಕ್ಕೆ ಅಲ್ಲಿ ‘ಸೊಕರ‍್ರಾತ್’ ಅನ್ನುತ್ತಾರೆ. ಅಮ್ಮ ಅದನ್ನು ಚಮಚದಲ್ಲಿ ಕೆರೆದು ಕೆರೆದು ತಿಂದರು, ನನ್ನ ಪಾಲನ್ನೂ ಸೇರಿಸಿ.